ಅಗುಳಿನಿಂದ ಅಂಟಿಸಿದ ನಂಬರು

ಊರು ಬದಲಾದರೂ, ಯಂತ್ರ ಬದಲಾದರೂ, ಕೆಲವು ಪ್ರಸಂಗಗಳು ನನ್ನ ಬೆನ್ನು ಬಿಡುವುದಿಲ್ಲ. ಮೊನ್ನೆ ನಮ್ಮ ಮನೆಯ ಕಂಪ್ಯೂಟರಿನಲ್ಲಿ ಬ್ಯಾಂಕಿನ ಹೆಸರು ಒತ್ತಿದರೆ ಲಾಟರಿ ಜಾಹೀರಾತು ಬರತೊಡಗಿತು. ರಿಪೇರಿಗೆ ಬಂದವರು ಒಳಗಿನ ಒಂದು ಸಣ್ಣ ಫೈಲು ತೆರೆದು ತೋರಿಸಿದರು. ಸಾಲು ಸಾಲಾಗಿ ಹೆಸರು, ಪಕ್ಕದಲ್ಲಿ ನಂಬರು.

“ನೀವು ಹೆಸರು ಹೇಳ್ತೀರಿ ಮೇಡಮ್, ಇದು ಮೊದ್ಲು ಈ ಪಟ್ಟಿ ನೋಡುತ್ತೆ. ವೈರಸ್ ಬಂದ್ರೆ ಕಳ್ಳತನದಲ್ಲಿ ಇಲ್ಲೊಂದು ಸಾಲು ಸೇರ್ಸಿಬಿಡುತ್ತೆ. ಆಮೇಲೆ ನೀವು ಕರೆಯೋದು ಒಬ್ರನ್ನ, ಬರೋದು ಇನ್ನೊಬ್ರು” ಅಂದರು.

“ಇದು ಒಳಗೆ ಬರೋದು ಹೇಗೆ?”

“ನಾವೇ ಬಾಗಿಲು ತೆಗೆದು ಕರ್ಕೊಳ್ತೀವಿ ಮೇಡಮ್. ಏನಾದ್ರೂ ಪುಕ್ಕಟೆ ಕೊಡ್ತೀನಿ ಅಂತ ಬರುತ್ತೆ.”

ನನಗೆ ನಗು ತಡೆಯಲಾಗಲಿಲ್ಲ. ಎಪ್ಪತ್ತರ ದಶಕದ ಕೊನೆಯಿಂದ ನಾನು ಸಾಗರ, ಹೊಸನಗರ, ತೀರ್ಥಹಳ್ಳಿ ಎಂದು ಮೂರು ಕಡೆ ಟೆಲಿಫೋನ್ ಆಪರೇಟರ್ ಆಗಿದ್ದವಳು. ಇಂಥದೇ ಒಂದು ಪಟ್ಟಿಯಿಂದ ಒಮ್ಮೆ ನನ್ನ ಕೆಲಸವೇ ಹೋಗುವುದರಲ್ಲಿತ್ತು. ಯಾವುದು ಯಾವ ಊರಿನಲ್ಲಿ ನಡೆದದ್ದು ಎಂದು ಮಾತ್ರ ಹೇಳುವುದಿಲ್ಲ. ಆ ಊರಿನವರು ಈಗಲೂ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಗುರುತು ಹಿಡಿಯುತ್ತಾರೆ.

ನಂಬರು ಯಾರಿಗೆ ಬೇಕು

ಆಗ ಡಯಲ್ ಇರಲಿಲ್ಲ. ರಿಸೀವರ್ ಎತ್ತಿದರೆ ನಮ್ಮ ಬೋರ್ಡಿನಲ್ಲಿ ಒಂದು ಮುಚ್ಚಳ ಬೀಳುತ್ತಿತ್ತು. ನಾವು “ನಂಬರ್ ಪ್ಲೀಸ್” ಅನ್ನಬೇಕು, ಅವರು ನಂಬರು ಹೇಳಬೇಕು, ನಾವು ವೈರು ಚುಚ್ಚಿ ಕೊಡಬೇಕು. ಇದು ನಿಯಮ. ನನ್ನ ಸರ್ವಿಸಿನಲ್ಲಿ ನಂಬರು ಹೇಳಿದವರನ್ನು ಬೆರಳಿನಲ್ಲಿ ಎಣಿಸಬಹುದು.

ಕೆಲಸಕ್ಕೆ ಸೇರಿದ ಮೊದಲ ವಾರ ಒಬ್ಬ ಹಿರಿಯ ಗೌಡರು ಫೋನೆತ್ತಿ “ನಮ್ಮ ಭಾವನ್ನ ಕೊಡಮ್ಮ” ಅಂದರು.

“ನಂಬರ್ ಹೇಳಿ ಸರ್.”

“ನಂಬ್ರು ಎಂತಕ್ಕೆ? ನಮ್ಮ ಭಾವ ಯಾರು ಅಂತ ಗೊತ್ತಿಲ್ವಾ ನಿಂಗೆ?”

“ಇಲ್ಲ ಸರ್, ನಾನು ಹೊಸಬಳು.”

“ಹಂಗಾರೆ ಮೊದ್ಲು ಊರು ತಿಳ್ಕೊ. ನಾಳೆ ಮಾಡ್ತೀನಿ” ಎಂದು ಇಟ್ಟೇಬಿಟ್ಟರು.

ಮರುದಿನ ಮಾಡಿದರು. ಅಷ್ಟರಲ್ಲಿ ನಾನು ಭಾವನನ್ನು ಪತ್ತೆಹಚ್ಚಿ, ಅವರು ಬೆಳಗಿನ ಬಸ್ಸಿಗೆ ತಾಳಗುಪ್ಪಕ್ಕೆ ಹೋದದ್ದನ್ನೂ ತಿಳಿದುಕೊಂಡಿದ್ದೆ. ಹೇಳಿದೆ. “ಹ್ಞಾಂ, ಈಗ ನೀನು ಆಪರೇಟರು” ಅಂದರು. ನನ್ನ ಟ್ರೈನಿಂಗು ಮುಗಿದದ್ದು ಅವತ್ತು.

ಬಿಕ್ಕಳಿಕೆ

ಹೀಗೆ ಊರೆಲ್ಲ ಬಾಯಿಪಾಠವಾದ ಮೇಲೆ ನನಗೆ ಸ್ವಲ್ಪ ಜಂಬ ಬಂತು. ಬೋರ್ಡಿನ ಪಕ್ಕ ದಾರದಲ್ಲಿ ಒಂದು ರಟ್ಟು ನೇತಾಡುತ್ತಿತ್ತು. ಊರಿನ ಫೋನುಗಳೆಲ್ಲ ಅದರಲ್ಲಿ ಹೆಸರು, ನಂಬರು ಸಮೇತ ಇದ್ದವು. ನಾನು ಅದರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ಒಂದು ದಿನ ತುಮರಿ ಕಡೆಯಿಂದ ಒಬ್ಬರು ಗಾಬರಿಯಲ್ಲಿ ಡಾಕ್ಟರನ್ನು ಕೇಳಿದರು. ನಾನು ನೆನಪಿನಿಂದಲೇ ಕೊಟ್ಟೆ. ಡಾಕ್ಟರು ಮನೆ ಬದಲಾಯಿಸಿ, ಅವರ ಹಳೆಯ ನಂಬರು ಮರದ ಮಿಲ್ಲಿನವರಿಗೆ ಹೋಗಿ ಎರಡು ದಿನವಾಗಿತ್ತು. ಮಿಲ್ಲಿನ ಯಜಮಾನರು ಒಳ್ಳೆಯವರು. ಅತ್ತಲಿನವರು ಉಸಿರು ಬಿಡದೆ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, “ಬಿಕ್ಕಳಿಕೆ ತಾನೆ? ಒಂದು ಚಮಚ ಸಕ್ಕರೆ ಬಾಯಿಗೆ ಹಾಕಿ, ನಿಧಾನ ಚೀಪಕ್ಕೆ ಹೇಳಿ” ಎಂದರು.

ವಿಷಯ ತಿಳಿದು ನಮ್ಮ ಎಕ್ಸ್‌ಚೇಂಜಿನ ಸಾಹೇಬರು ನನಗೆ ಸರಿಯಾಗಿ ಬೈದರು. “ಇನ್ಮೇಲೆ ನೆನಪು ನಂಬಬೇಡಿ, ಪಟ್ಟಿ ನಂಬಿ. ನಂಬರು ಬದಲಾದ್ರೆ ಹಳೇದರ ಮೇಲೆ ಚೀಟಿ ಅಂಟಿಸಿ. ಚೀಟಿ ಮೇಲೆ ನಿಮ್ಮ ಸಣ್ಣ ಸಹಿ ಇರಲಿ.” ನಾನು ತಲೆತಗ್ಗಿಸಿ ಒಪ್ಪಿಕೊಂಡೆ. ತಪ್ಪು ನನ್ನದೇ, ಬಿಕ್ಕಳಿಕೆಯ ಬದಲು ಎದೆನೋವಾಗಿದ್ದರೆ ಎಂದು ಯೋಚಿಸಿ ಎರಡು ದಿನ ಊಟ ಸೇರಲಿಲ್ಲ.

ಮೂರನೆಯ ದಿನ ತುಮರಿಯವರದೇ ಫೋನು. ನಾನು ಪಟ್ಟಿ ನೋಡಿ, ಸರಿಯಾದ ಡಾಕ್ಟರಿಗೇ ಕೊಟ್ಟೆ. ಅರ್ಧ ನಿಮಿಷಕ್ಕೆ ಮತ್ತೆ ಮುಚ್ಚಳ ಬಿತ್ತು.

“ಅಮ್ಮಾ, ಈ ಡಾಕ್ಟ್ರು ಬ್ಯಾಡ. ಮೊನ್ನೆ ಕೊಟ್ರಲ್ಲ, ಅವ್ರನ್ನೇ ಕೊಡಿ. ಅವ್ರ ಕೈಗುಣ ಚೆನ್ನಾಗಿದೆ.”

ಹೊರಗಿನವರಿಗೆ ಪ್ರವೇಶವಿಲ್ಲ

ಅವತ್ತಿನಿಂದ ಪಟ್ಟಿ ನೋಡದೆ ನಾನು ನನ್ನ ಮನೆಗೂ ಫೋನು ಕೊಟ್ಟವಳಲ್ಲ. ಸಿಕ್ಕಿಬಿದ್ದದ್ದು ಅದರಿಂದಲೇ.

ಎಕ್ಸ್‌ಚೇಂಜಿನ ಎದುರು ಮನೆ ಅಡುಗೆ ಭಟ್ಟರದು. ಸುತ್ತಿನ ಮದುವೆ, ಉಪನಯನಗಳಿಗೆಲ್ಲ ಅವರದೇ ಅಡುಗೆ. ಒಂದು ವರ್ಷ ಲಗ್ನದ ಕಾಲದಲ್ಲಿ ಅವರಿಗೆ ಕರೆಯೇ ಬರಲಿಲ್ಲ. ವಿಚಾರಿಸಿದರೆ, ಅವರನ್ನು ಕೇಳಿದ ಫೋನುಗಳೆಲ್ಲ ಅವರ ಹಳೆಯ ಶಿಷ್ಯನ ಮನೆಗೆ ಹೋಗುತ್ತಿದ್ದವು. “ಅಡುಗೆಯವರಾ?” ಎಂದರೆ ಅವನು “ಹೌದು” ಅನ್ನುತ್ತಿದ್ದ. ಸುಳ್ಳೇನಲ್ಲ.

ನನ್ನ ದುರದೃಷ್ಟಕ್ಕೆ ಆ ಶಿಷ್ಯ ನನ್ನ ಅತ್ತಿಗೆಯ ತಮ್ಮ. ಭಟ್ಟರು ಮೇಲಿನವರಿಗೆ ಬರೆದರು: ಆಪರೇಟರು ತನ್ನ ನೆಂಟರ ಕಡೆಗೆ ಫೋನು ತಿರುಗಿಸುತ್ತಿದ್ದಾರೆ. ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಆರೋಪ ನಿಜವೆಂದಾದರೆ ಮನೆಗೆ ಹೋಗುವುದೇ. ಹೋದದ್ದು ಹೋಗಲಿ, ಈ ಊರಿನಲ್ಲಿ ತಲೆ ಎತ್ತಿ ತಿರುಗುವುದು ಹೇಗೆ ಎಂದು ನನಗೆ ನಿಜವಾಗಿಯೂ ಅಳು ಬಂದಿತ್ತು.

ಶಿವಮೊಗ್ಗದಿಂದ ಇನ್ಸ್‌ಪೆಕ್ಟರು ಬಂದರು. ಭಟ್ಟರನ್ನೂ ಕರೆಸಿ ಕೂರಿಸಿದರು. ರಟ್ಟನ್ನು ಮೇಜಿನ ಮೇಲಿಟ್ಟು ನಾನು, ಅವರು ಒಂದೊಂದೇ ಸಾಲು ಓದುತ್ತ ಹೋದೆವು. ಹೆಸರು, ನಂಬರು, ಚೀಟಿ ಇದ್ದರೆ ಸಹಿ. ಎಲ್ಲ ಸರಿ. ಭಟ್ಟರ ಸಾಲಿಗೆ ಬಂದಾಗ ನನ್ನ ಕೈ ನಿಂತಿತು. ಅಲ್ಲೊಂದು ಚೀಟಿ, ಅದರ ಮೇಲೆ ಶಿಷ್ಯನ ನಂಬರು. ಸಹಿ ಇರಲಿಲ್ಲ. ಇಷ್ಟು ದಿನ ನಾನು ನಂಬರನ್ನಷ್ಟೇ ನೋಡಿದ್ದೆ, ಸಹಿಯನ್ನಲ್ಲ.

“ಈ ಪಟ್ಟಿ ಯಾರ್ಯಾರ ಕೈಗೆ ಸಿಗುತ್ತೆ?”

“ನನಗೆ, ಸಾಹೇಬ್ರಿಗೆ. ಹೊರಗಿನವ್ರು ಯಾರೂ ಒಳಗೆ ಬರಲ್ಲ ಸರ್.” ಹಾಗಂತ ಬಾಗಿಲ ಮೇಲೆ ಬೋರ್ಡೇ ಇತ್ತು.

“ಹಾಗಾದ್ರೆ ನೀವಿಬ್ಬರಲ್ಲಿ ಒಬ್ರು” ಎಂದು ಇನ್ಸ್‌ಪೆಕ್ಟರು ಚೀಟಿಯನ್ನು ಉಗುರಿನಿಂದ ಎಬ್ಬಿಸಿದರು. ಅಡಿಯಲ್ಲಿ ಗೋಂದು ಇರಲಿಲ್ಲ. ಚಪ್ಪಟೆಯಾಗಿ ಒಣಗಿದ ಒಂದು ಅನ್ನದ ಅಗುಳಿತ್ತು.

ಭಟ್ಟರು ಕನ್ನಡಕ ಏರಿಸಿ ಬಗ್ಗಿದರು. ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಸಾಕು ಎನ್ನುತ್ತಾರೆ. ಅವರು ಅದನ್ನು ಬೆರಳಿಗೆ ತೆಗೆದುಕೊಂಡು, ಒಂದು ಹನಿ ನೀರು ಹಾಕಿ ತಿಕ್ಕಿ ನೋಡಿದರು. ಮುಖ ಕೆಂಪಾಯಿತು.

“ಇದು ಎಂಗಳ ಮನೆ ಅನ್ನ!”

“ಹೇಗೆ ಹೇಳ್ತೀರಿ?”

“ಮೂವತ್ತು ವರ್ಷದಿಂದ ಬಡ್ಕೊಳ್ತಾ ಇದ್ದೀನಿ ಸ್ವಾಮಿ, ನನ್ನ ಹೆಂಡ್ತಿ ಒಂದು ಉಕ್ಕು ಜಾಸ್ತಿ ಬೇಯಿಸ್ತಾಳೆ!”

ಆಗ ನನಗೆ ಹೊಳೆಯಿತು. ಭಟ್ಟರ ಹೆಂಡತಿ ವಾರಕ್ಕೆರಡು ಸಲ ನನಗೆ ಬಿಸಿ ಕಡುಬು ತರುತ್ತಿದ್ದರು. ನಾನು ತಿಂದು ಏಳುವಾಗ “ಕೈ ತೊಳ್ಕಂಡು ಬಾ ತಂಗಿ, ಆನು ನೋಡ್ಕತ್ತಿ” ಎಂದು ನನ್ನ ಬದಲು ತಾವೇ ಬೋರ್ಡಿನ ಮುಂದೆ ಕೂರುತ್ತಿದ್ದರು. ಕಡುಬು ತಂದವರನ್ನು ಹೊರಗಿನವರು ಎಂದು ಯಾರು ಎಣಿಸುತ್ತಾರೆ?

ಅವರನ್ನು ಕರೆಸಿದರು. ಕೇಳುವ ಮೊದಲೇ ಒಪ್ಪಿಕೊಂಡರು. “ಹೌದು, ಆನೇ ಅಂಟ್ಸಿದ್ದು” ಎಂದು ಗಂಡನ ಕಡೆ ಕೈ ತೋರಿಸಿದರು. “ಇವಕ್ಕೆ ಎದೆನೋವು ಇದ್ದು. ಡಾಕ್ಟ್ರು ಈ ವರ್ಷ ಒಲೆ ಮುಂದೆ ‘ನಿಲ್ಲಡಿ’ ಹೇಳಿದ್ದ. ಅಡುಗೆಗೆ ಕರೆಯಕ್ಕೆ ಬಂದವ್ರಿಗೆ ‘ಇಲ್ಲೆ’ ಹೇಳಕ್ಕೆ ಇವಕ್ಕೆ ಬತ್ತಿಲ್ಲೆ. ಎಂತ ಮಾಡದು?” ಎಂದು ನನ್ನ ಕಡೆ ತಿರುಗಿದರು. “ನಿಂಗೆ ಇಷ್ಟೆಲ್ಲ ಆಗ್ತು ಹೇಳಿ ಗೊತ್ತಿರಲ್ಲೆ ತಂಗಿ.” ಕಣ್ಣೊರೆಸಿಕೊಂಡರು. ನನಗೆ ಸಿಟ್ಟೂ ಇತ್ತು, ಆದರೆ ಅದಕ್ಕಿಂತ ಹೆಚ್ಚಾಗಿ ಅವರ ಮೇಲೆ ಪ್ರೀತಿಯೇ ಉಕ್ಕಿತು.

ಭಟ್ಟರು ಕಾಗದ ಕೇಳಿ ದೂರು ವಾಪಸು ಬರೆದುಕೊಟ್ಟರು. ನನ್ನ ಕೆಲಸ ಉಳಿಯಿತು. ಆ ಕಾಗದದ ಕೆಳಗೇ ಭಟ್ಟರು ಇನ್ನೊಂದು ಸಾಲು ಸೇರಿಸಿದರು: ಮಳೆಗಾಲ ಮುಗಿಯುವವರೆಗೆ ನನ್ನ ಫೋನುಗಳನ್ನು ಶಿಷ್ಯನಿಗೇ ಕೊಡುವುದು.

“ಹಾಗಾದ್ರೆ ಚೀಟಿ ಮತ್ತೆ ಅಂಟಿಸಿ, ಈ ಸಲ ಸಹಿ ಹಾಕಿ” ಎಂದರು ಇನ್ಸ್‌ಪೆಕ್ಟರು. ನಾನು ಸಹಿ ಹಾಕಿ ಗೋಂದಿನ ಬಾಟಲಿ ತಲೆಕೆಳಗು ಮಾಡಿದೆ. ಗೋಂದು ಒಣಗಿ ಕಲ್ಲಾಗಿತ್ತು.

ಭಟ್ಟರು ಹೆಂಡತಿಯ ಮುಖ ನೋಡದೆ, ಮೆತ್ತಗೆ ಹೇಳಿದರು:

“ಮನೆಗೆ ಹೋಗಿ ಒಂದಗುಳು ಅನ್ನ ತಗಂಡು ಬಾ. ಒಂದು ಉಕ್ಕು ಜಾಸ್ತಿ ಬೆಂದದ್ದೇ ಗಟ್ಟಿ ಅಂಟ್ತು.”