ಬಾಗಿಲಿಗೆ ಕಟ್ಟಿದ ಲೋಳೆಸರ

ಹೊಟ್ಟೆಕಿಚ್ಚು ತಮಗಿಲ್ಲವೇ ಇಲ್ಲ ಎಂದು ಎದೆ ಮುಟ್ಟಿಕೊಂಡು ಹೇಳುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚಾಗುತ್ತದೆ. ನನಗಂತೂ ಅದು ಧಾರಾಳವಾಗಿದೆ. ಅದನ್ನು ಹೊರಗೆ ಬಿಡಲು ಅಡುಗೆಮನೆಯ ಕಿಟಕಿಯೂ ಸರಿಯಾದ ಜಾಗದಲ್ಲೇ ಇದೆ. ಬಿಜೂರಿನ ನಮ್ಮ ಹಂಚಿನ ಮನೆಯ ಪಕ್ಕದಲ್ಲಿ, ಒಂದೇ ಅಂಗಳದಲ್ಲಿ, ಮುಂಬೈಯಲ್ಲಿ ಕ್ಯಾಂಟೀನ್ ನಡೆಸುವ ನನ್ನ ಮೈದುನ ಎರಡಂತಸ್ತಿನ ಮನೆ ಕಟ್ಟಿಸಿ ಹೆಂಡತಿಯನ್ನು ಅಲ್ಲಿ ತಂದಿಟ್ಟ. ದೋಸೆ ಹೊಯ್ಯುತ್ತ ಆ ಮನೆಯ ಗಾಜು ನೋಡುತ್ತೇನೆ, ಮೀನು ಹುರಿಯುತ್ತ ಅದರ ಟೈಲ್ಸು ನೋಡುತ್ತೇನೆ. ನೋಡುತ್ತ ನೋಡುತ್ತ ಬಂಗಡೆ ಕರಕಲಾದದ್ದೂ ಉಂಟು. ಗಂಡ ಅದನ್ನೂ ತಿಂದು ಎದ್ದರು. ಅವರಿಗೆ ತಮ್ಮನ ಮೇಲೆ ಹೊಟ್ಟೆಕಿಚ್ಚಿಲ್ಲವಂತೆ, ಹಾಗಾಗಿ ಇಬ್ಬರ ಪಾಲಿನದನ್ನೂ ನಾನೊಬ್ಬಳೇ ಪಡಬೇಕಾಗಿದೆ.

ಮನೆಯನ್ನಾದರೂ ಸಹಿಸಿಕೊಳ್ಳುತ್ತಿದ್ದೆನೇನೋ. ಆದರೆ ಮೈದುನನ ಹೆಂಡತಿ, ನನ್ನ ವಾರಗಿತ್ತಿ ಶೈಲಳ ಕೆನ್ನೆಯಲ್ಲಿ ಹುಡುಕಿದರೂ ಒಂದು ಚುಕ್ಕೆ ಇಲ್ಲ. ನನ್ನ ಎರಡೂ ಕೆನ್ನೆಯಲ್ಲಿ ಬಂಗಿನ ಕಂದು ಕಲೆ. ಅವರ ಮನೆ ಒಕ್ಕಲಿನ, ಅಂದರೆ ಗೃಹಪ್ರವೇಶದ ದಿನ ನಾನು ಹೊಸ ಸೀರೆ ಉಟ್ಟು, ಹಿರಿಯ ಸೊಸೆ ಎಂಬ ಗತ್ತಿನಲ್ಲಿ ಚಪ್ಪರದಡಿ ಓಡಾಡುತ್ತಿದ್ದೆ. ಶೈಲಳ ನೆಂಟರ ಪೈಕಿಯ ಮುಂಬೈ ಹೆಂಗಸೊಬ್ಬಳು ನನ್ನನ್ನು ಕರೆದು, "ಹ್ವಾಯ್, ಅಡ್ಗಿಗ್ ಬಂದದ್ದ್ ನೀವೇ ಅಲ್ದಾ? ಇನ್ನೊಂಚೂರ್ ಚಾ ಸಿಕ್ಕತ್ತಾ?" ಎಂದಳು. ನಾನು ಕುಂದಾಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು ಎಂದು ಹೇಳಬಹುದಿತ್ತು. ಚಾ ತಂದುಕೊಟ್ಟೆ. ಆ ಚಾ ಈಗಲೂ ನನ್ನ ಗಂಟಲಲ್ಲೇ ನಿಂತಿದೆ.

ಅದೇ ದಿನ ನನ್ನ ಅತ್ತೆ, ಕೋಡಿಯಲ್ಲಿರುವ ತಮ್ಮ ತಂಗಿಯ ಮನೆಯಿಂದ ಬೇರುಸಮೇತ ತಂದ ಲೋಳೆಸರದ ಗಿಡವನ್ನು ಹೊಸ ಮನೆಯ ಬಾಗಿಲ ಮೇಲೆ ತಲೆಕೆಳಗಾಗಿ ಕಟ್ಟಿಸಿದರು. ಮನೆಯ ಮೇಲೆ ಬಿದ್ದ ಕಣ್ಣನ್ನೆಲ್ಲ ಅದು ಹೀರಿಕೊಳ್ಳುತ್ತದಂತೆ. ನಮ್ಮ ಬಾಗಿಲಿಗೂ ಒಂದು ಕಟ್ಟಬಾರದೇ ಎಂದು ಕೇಳಿದೆ. "ನಮ್ ಮನಿ ಯಾರ್ ಕಾಂತ್ರ್ ಹೆಣೆ?" ಎಂದರು. ನಮ್ಮ ಮನೆಯನ್ನು ನೋಡುವವರೇ ಇಲ್ಲವಂತೆ. ಅತ್ತೆ ಸುಳ್ಳು ಹೇಳುವವರಲ್ಲ, ಅದೇ ಅವರ ದೊಡ್ಡ ದೋಷ. ಗಿಡವೇನೋ ಮಣ್ಣಿಲ್ಲದೆ ನೀರಿಲ್ಲದೆ ಹಸಿರಾಗಿಯೇ ಇತ್ತು. ಎಲೆಯೊಳಗೆ ನೀರು ಕೂಡಿಟ್ಟುಕೊಳ್ಳುವ ಸಸ್ಯ, ಅದರಲ್ಲಿ ಕಣ್ಣೂ ಇಲ್ಲ ಮೂಗೂ ಇಲ್ಲ ಎಂದು ನಾನು ಮಕ್ಕಳಿಗೆ ಪಾಠ ಮಾಡಿದೆ.

ಅಷ್ಟರಲ್ಲಿ ಬ್ರಹ್ಮಾವರದ ಹಾಲ್‌ನಲ್ಲಿ ನಾದಿನಿಯ ಮಗಳ ಮದುವೆ ಬಂತು. ಆ ಮುಂಬೈ ಹೆಂಗಸೂ ಬರುತ್ತಾಳೆಂದು ಗೊತ್ತಾಯಿತು. ಇನ್ನೊಂದು ಸಲ ಅವಳಿಗೆ ಚಾ ಕೊಡುವುದಕ್ಕಿಂತ ಮದುವೆಗೆ ಹೋಗದಿರುವುದೇ ಲೇಸು ಅನ್ನಿಸಿತು. ಆಗ ಮೊಬೈಲಿನಲ್ಲಿ ಒಬ್ಬ ಹುಡುಗಿ ಲೋಳೆಸರ ಹಚ್ಚಿದರೆ ಬಂಗು ಹೋಗುತ್ತದೆ, ಸಹಜವಾದದ್ದು ಯಾರಿಗೂ ಕೇಡು ಮಾಡುವುದಿಲ್ಲ ಎಂದು ನಗುನಗುತ್ತ ಹೇಳಿದಳು. ವಿಷದ ಕಾಸರಕನ ಕಾಯಿಯೂ ಸಹಜವೇ, ನಾಗರಹಾವೂ ಸಹಜವೇ. ಇದು ನನಗೆ ಗೊತ್ತಿತ್ತು. ಆದರೆ ಕನ್ನಡಿಯ ಮುಂದೆ ನಿಂತವಳಿಗೆ ವಿಜ್ಞಾನ ಎಲ್ಲಿ ನೆನಪಾಗುತ್ತದೆ?

ಶೈಲ ವಂಡ್ಸೆಯ ತವರಿಗೆ ಹೋಗಿದ್ದ ಹೊತ್ತು ನೋಡಿ, ಸ್ಟೂಲು ಹತ್ತಿ, ಅವಳ ಬಾಗಿಲ ಗಿಡದಿಂದಲೇ ದಪ್ಪದೊಂದು ಎಲೆ ಕೊಯ್ದೆ. ಅಂಗಡಿಯಲ್ಲಿ ಸಿಗುವುದಿಲ್ಲವೆಂದಲ್ಲ. ಅವಳದ್ದೇನಾದರೂ ಒಂದು ನನಗೆ ಬರಲಿ ಎಂಬ ಆಸೆ. ಕೊಯ್ದಲ್ಲಿ ಹಳದಿ ಸೊನೆ ಸುರಿಯುತ್ತಿತ್ತು. ಸತ್ವವೇ ಇರಬೇಕೆಂದು ಅದನ್ನೂ ಬಿಡದೆ ಎರಡೂ ಕೆನ್ನೆಗೆ ತಿಕ್ಕಿಕೊಂಡೆ. ತುಟಿಗೆ ತಾಗಿದ್ದು ಕಹಿ ಅಂದರೆ ಕಹಿ. ಹಿಂದೆ ಮಕ್ಕಳಿಗೆ ಮೊಲೆಹಾಲು ಬಿಡಿಸಲು ಇದನ್ನೇ ಹಚ್ಚುತ್ತಿದ್ದರಂತೆ, ಪಾಪದ ಮಕ್ಕಳು. ಬೆಳಿಗ್ಗೆ ಏಳುವಾಗ ಮುಖ ಉರಿಯುತ್ತಿತ್ತು. ಕನ್ನಡಿಯಲ್ಲಿ ಬಂಗು ಕಾಣಲಿಲ್ಲ, ಏಕೆಂದರೆ ಕೆನ್ನೆಯೇ ಕಾಣುತ್ತಿರಲಿಲ್ಲ. ಇದ್ದದ್ದು ಕೆಂಪು ಬಾವು, ಅದರ ಮೇಲೆ ಸಣ್ಣ ಸಣ್ಣ ಗುಳ್ಳೆ.

ಕುಂದಾಪುರದ ಡಾಕ್ಟರು ನಗದಿರಲು ಬಹಳ ಪ್ರಯತ್ನಪಟ್ಟರು. "ಟೀಚರೇ, ಆ ಹಳದಿ ಸೊನೆ ಚರ್ಮಕ್ಕೆ ಆತಿಲ್ಲ. ಎಲೆ ನಿಲ್ಸಿ ಸೊನೆ ಪೂರಾ ಇಳ್ಸಿ, ಸಿಪ್ಪೆ ತೆಗ್ದ್, ಒಳಗಿನ ಲೋಳೆ ತೊಳ್ದ್ ಹಚ್ಚುದ್. ಅದೂ ಮೊದ್ಲ್ ಕೈಗ್ ಒಂಚೂರ್ ಹಚ್ಚಿ, ಒಂದ್ ದಿನ ಕಾದ್ ಕಾಣ್ಕ್. ಹೊಟ್ಟಿಗಂತೂ ತಕಂಬುಕಾಗ, ಭೇದಿ ಹಿಡಿತ್ತ್," ಎಂದು ಮುಲಾಮು ಬರೆದುಕೊಟ್ಟರು. ನಾನು ಮನೆಗೆ ಬಂದು ಇದನ್ನೆಲ್ಲ ಅತ್ತೆಗೆ ಪಾಠದ ಹಾಗೆ ಒಪ್ಪಿಸಿದೆ. ಅತ್ತೆ ಕೇಳಿದ್ದು ಒಂದೇ ಪ್ರಶ್ನೆ.

"ಎಲಿ ಎಲ್ಲಿಂದ ಕೊಯ್ದದ್ದ್ ಹೆಣೆ?"

ಹೇಳಿದೆ. ಅವರು ನನ್ನ ಮುಖ ನೋಡಿದರು, ಕಿಟಕಿ ನೋಡಿದರು, ಮತ್ತೆ ಮುಖ ನೋಡಿದರು. "ಆ ಮನಿ ಮೇಲ್ ಬಿದ್ದ ಕಣ್ಣೆಲ್ಲ ಅದ್ರಗೇ ಇತ್ತಲೆ. ಅದನ್ನ ತಂದ್ ಮೊಕಕ್ಕ್ ಹಚ್ಚ್ಕಂಡ್ಯಾ?"

ಅದೆಲ್ಲ ಮೂಢನಂಬಿಕೆ, ಇದು ಸೊನೆಯ ಕೆಲಸ ಎಂದು ನಾನು ವಾದಿಸಿದೆ. ವಾದಿಸುತ್ತಿದ್ದಂತೆ ಒಳಗೊಳಗೇ ಲೆಕ್ಕ ಹಾಕಿದೆ. ನಮ್ಮ ಅಂಗಳ ಇರುವುದೇ ಗದ್ದೆಯ ಕೊನೆಯಲ್ಲಿ, ಆ ಮನೆ ರಸ್ತೆಯಿಂದ ಕಾಣುವುದೂ ಇಲ್ಲ. ಬೆಳಿಗ್ಗೆ ಸಂಜೆ ಎರಡು ಹೊತ್ತೂ ಅದನ್ನು ದಿಟ್ಟಿಸಿ ನೋಡಿದವಳು ಊರಿಗೆ ಒಬ್ಬಳೇ. ಹಾಗಾದರೆ ನನ್ನ ಕೆನ್ನೆಯ ಮೇಲೆ ಉರಿಯುತ್ತಿದ್ದದ್ದು ಯಾರ ಕಣ್ಣು?

ತವರಿನಿಂದ ಬಂದ ಶೈಲ ಎಲೆ ಹೋದದ್ದನ್ನು ಕೇಳಲೂ ಇಲ್ಲ. "ಅಕ್ಕ, ನೋವಾತ್ತಾ?" ಎಂದು ತಣ್ಣೀರಿನ ಬಟ್ಟೆ ತಂದು ಮುಖದ ಮೇಲಿಟ್ಟಳು. ಸೊನೆಯ ಉರಿಗಿಂತ ಅದು ಹೆಚ್ಚು ಉರಿಯಿತು. ಮದುವೆಗೆ ಸೆರಗು ಮುಚ್ಚಿಕೊಂಡೇ ಹೋದೆ. ಆ ಮುಂಬೈ ಹೆಂಗಸು ನನ್ನನ್ನು ನೋಡಿ ದೂರದ ಕುರ್ಚಿಗೆ ಸರಿದಳು, ಚಾ ಕೇಳಲಿಲ್ಲ. ಈ ಮುಖದವಳನ್ನು ಅಡುಗೆಗೂ ಯಾರೂ ಕರೆಯುವುದಿಲ್ಲ.

ಮುಖ ಈಗ ವಾಸಿಯಾಗಿದೆ, ಬಂಗು ತನ್ನ ಜಾಗಕ್ಕೆ ವಾಪಸು ಬಂದಿದೆ. ಅತ್ತೆ ಕೊನೆಗೆ ನಮ್ಮ ಮನೆಗೂ ಒಂದು ಲೋಳೆಸರ ತಂದು ಕಟ್ಟಿದ್ದಾರೆ. ಬಾಗಿಲಿಗಲ್ಲ. ನನ್ನ ಅಡುಗೆಮನೆಯ ಕಿಟಕಿಗೆ, ಒಳಗಿನಿಂದ. ಮಣ್ಣಿಲ್ಲ, ನೀರಿಲ್ಲ, ಆದರೂ ದಿನದಿಂದ ದಿನಕ್ಕೆ ದಪ್ಪವಾಗುತ್ತಿದೆ. ಅದಕ್ಕೆ ಆಹಾರ ಎಲ್ಲಿಂದ ಎಂದು ದಯವಿಟ್ಟು ವಿಜ್ಞಾನದ ಟೀಚರನ್ನು ಕೇಳಬೇಡಿ.