ಹುಳು ಮನೆ ಬಾಗಿಲಿನ ನವಾಬ

ಬೇರೆಯವರಿಗೆ ಬುದ್ಧಿ ಹೇಳುವುದು ಒಂದು ಚಟ. ಬೀಡಿ ಬಿಟ್ಟವರನ್ನು ನೋಡಿದ್ದೇನೆ, ಇಸ್ಪೀಟು ಬಿಟ್ಟವರನ್ನು ನೋಡಿದ್ದೇನೆ, ಬುದ್ಧಿ ಹೇಳುವುದನ್ನು ಬಿಟ್ಟವರನ್ನು ಮಾತ್ರ ಈವರೆಗೂ ನೋಡಿಲ್ಲ. ನನಗಂತೂ ಅದು ಹೊಟ್ಟೆಪಾಡು ಕೂಡ. ಶಿಡ್ಲಘಟ್ಟದ ಒಂದು ಪ್ರೌಢಶಾಲೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ವಿಜ್ಞಾನದ ಮೇಷ್ಟ್ರು ನಾನು. ರೋಗ ಹರಡುವ ಪಾಠವನ್ನು ಪುಸ್ತಕ ತೆರೆಯದೆ ಮಾಡಬಲ್ಲೆ. "ಕೈಕಾಲು ತೊಳೆಯದೆ ಒಳಗೆ ಬಂದವನು ರೋಗಕ್ಕೆ ಮಣೆ ಹಾಕಿದಂತೆ" ಎಂಬ ನನ್ನದೇ ಮಾತನ್ನು ಮಕ್ಕಳು ಶಾಲೆಯ ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ಬರೆದಿದ್ದಾರೆ, ಕೆಳಗೆ ನನ್ನ ಹೆಸರೂ ಇದೆ. ಇಂಥ ನನಗೆ ಒಂದು ನಾಯಿ ಬುದ್ಧಿ ಕಲಿಸಿದ ಸಂಗತಿಯನ್ನು ಈಗ ಹೇಳಬೇಕಾಗಿದೆ. ಅದನ್ನು ನನ್ನ ಬಾಯಲ್ಲೇ ಕೇಳಿಬಿಡಿ. ನಮ್ಮೂರಿನವರಾದರೆ ಉಪ್ಪುಖಾರ ಹಚ್ಚಿ ಹೇಳುತ್ತಾರೆ.

ನಮ್ಮ ಮನೆ ಇರುವುದು ಜಂಗಮಕೋಟೆಗೆ ಹತ್ತಿರದ ಒಂದು ಹಳ್ಳಿಯಲ್ಲಿ. ಹಿಪ್ಪುನೇರಳೆ ತೋಟ, ಮನೆಯ ಹಿಂದೆ ರೇಷ್ಮೆ ಹುಳು ಸಾಕುವ ಉದ್ದನೆಯ ಹುಳು ಮನೆ, ಎರಡು ಸೀಮೆಹಸು. ಇವೆಲ್ಲವನ್ನೂ ನೋಡಿಕೊಳ್ಳುವವರು ನನ್ನ ಅಮ್ಮ ಮತ್ತು ನನ್ನ ಹೆಂಡತಿ ಸುಜಾತ. ನನ್ನ ಪಾಲಿಗೆ ಬಂದಿರುವುದು ಎರಡು ಕೆಲಸ. ರೇಷ್ಮೆ ಗೂಡು ಬಿಡಿಸಿದ ದಿನ ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಗಿ ಮಾರಿ ಬರುವುದು, ಮಿಕ್ಕ ದಿನ ಸಲಹೆ ಕೊಡುವುದು. ಮಾರುಕಟ್ಟೆಗೆ ಹೋದಾಗಲೇ ಅನ್ವರ್ ಭಾಯಿಯ ಸ್ನೇಹವಾದದ್ದು. ನಮ್ಮ ಗೂಡನ್ನು ಎಷ್ಟೋ ಸಲ ಕೊಂಡವರು ಅವರು. ಪೇಟೆಯಲ್ಲಿ ನೂಲು ತೆಗೆಯುವ ಸಣ್ಣ ಘಟಕ ಇಟ್ಟುಕೊಂಡಿದ್ದಾರೆ. ಒಂದು ದಿನ ಅಲ್ಲಿಗೆ ಚಹಾ ಕುಡಿಯಲು ಹೋದವನು ಬಾಗಿಲಲ್ಲೇ ನಿಂತುಬಿಟ್ಟೆ. ಬಾಗಿಲಿಗೆ ಅಡ್ಡಲಾಗಿ ಒಂದು ನಾಯಿ ಮಲಗಿತ್ತು. ದಾಟಬೇಕೆಂದರೆ ಪಂಚೆ ಎತ್ತಿ ಕಟ್ಟಬೇಕು, ಅಷ್ಟು ದೊಡ್ಡದು.

"ನವಾಬ್ ಅಂತ ಹೆಸರು ಸಾರ್. ಏನೂ ಮಾಡಲ್ಲ, ಬನ್ನಿ. ಓಣೀಲಿ ಮಕ್ಕಳು ಹೆದರ್ತಾರೆ ಅಂತ ಎಲ್ಲರ ಕಂಪ್ಲೇಂಟು. ನಿಮ್ಮದು ತೋಟದ ಮನೆ, ಜಾಗ ಐತೆ. ಕರ್ಕೊಂಡು ಹೋಗ್ತೀರಾ?" ಎಂದರು ಅನ್ವರ್ ಭಾಯಿ. ಅವರ ದನಿಯಲ್ಲಿ ಮಗಳನ್ನು ಧಾರೆಯೆರೆದು ಕೊಡುವವರ ಸಂಕಟವಿತ್ತು. ನವಾಬ ಎದ್ದು ಬಂದು ತನ್ನ ತಲೆಯನ್ನು ನನ್ನ ಮೊಣಕಾಲಿನ ಮೇಲಿಟ್ಟ. ಒಳ್ಳೆ ಕುಂಬಳಕಾಯಿ ಭಾರ. ನಾನು ಹೂಂ ಎಂದುಬಿಟ್ಟೆ. ನಮ್ಮ ಮನೆಯಲ್ಲಿ ಯಾರನ್ನೂ ಕೇಳದೆ ನಾನು ತೆಗೆದುಕೊಂಡ ಮೊದಲನೆಯ ನಿರ್ಧಾರ ಅದು, ಬಹುಶಃ ಕೊನೆಯದೂ ಇರಬಹುದು.

ಗೂಡು ಮಾರಿದ ಖಾಲಿ ಟೆಂಪೋದಲ್ಲಿ ನವಾಬ ನಮ್ಮೂರಿಗೆ ಬಂದಿಳಿದ. ಊರಿನವರು ನೆರೆದರು. ಪಕ್ಕದ ಮನೆಯ ಅಜ್ಜಿ ತೆಲುಗಿನಲ್ಲಿ "ಇದೇಮಿರಾ ನಾಯನಾ, ದೂಡನಾ ಕುಕ್ಕನಾ?" ಎಂದಳು, ಕರುವೋ ನಾಯಿಯೋ ಎಂದು ಅವಳಿಗೆ ಅನುಮಾನ. ಅವನನ್ನು ನೋಡಿದರೆ ಅನುಮಾನ ಬರುವಂತೆಯೇ ಇತ್ತು. ಎತ್ತರ ಯಾವುದೋ ವಿಲಾಯತಿ ತಳಿಯದು. ಒಂದು ಕಿವಿ ನೆಟ್ಟಗೆ, ಇನ್ನೊಂದು ಜೋಲು. ಬಾಲ ಮಾತ್ರ ಅಪ್ಪಟ ನಮ್ಮ ಬೀದಿಯದು, ಬೆನ್ನ ಮೇಲೆ ಸುರುಳಿ. ಪಶುವೈದ್ಯರು ಅವನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಇಂಥದೇ ಅಂತ ಹೇಳೋಕಾಗಲ್ಲ ಮೇಷ್ಟ್ರೇ, ಎಲ್ಲಾ ಸ್ವಲ್ಪ ಸ್ವಲ್ಪ ಇದೆ" ಎಂದು ಚುಚ್ಚುಮದ್ದು ಕೊಟ್ಟು ಕಳಿಸಿದರು. ಒಂಬತ್ತನೆಯ ತರಗತಿಯ ನನ್ನ ಮಗಳು ಮೇಘನಾ ಮೊದಲ ದಿನವೇ ಅವನ ಕತ್ತು ತಬ್ಬಿಕೊಂಡು ಫೋಟೋ ತೆಗೆಸಿಕೊಂಡಳು. ಫೋಟೋದಲ್ಲಿ ಅವಳು ಕಾಣಿಸಲೇ ಇಲ್ಲ.

ಅಮ್ಮ ಮಾತ್ರ ಜಗಲಿಯಿಂದ ಇಳಿಯಲಿಲ್ಲ. "ಇಷ್ಟು ದಪ್ಪ ಆಗೋಕೆ ಏನು ತಿನ್ತಿತ್ತಪ್ಪ ಇದು?" ಎಂದಳು. ಸುಳ್ಳು ಹೇಳಬಹುದಿತ್ತು. ಆದರೆ ನಾನು ವಿಜ್ಞಾನದ ಮೇಷ್ಟ್ರು ನೋಡಿ, ಪೌಷ್ಟಿಕಾಂಶದ ವಿಷಯ ಬಂದರೆ ಬಾಯಿ ನಿಲ್ಲುವುದಿಲ್ಲ. ಗೂಡು ಬೇಯಿಸಿ ನೂಲು ತೆಗೆದ ಮೇಲೆ ಒಳಗೆ ಹುಳು ಉಳಿಯುತ್ತದಲ್ಲ, ಚಿಕ್ಕಂದಿನಿಂದ ಅದನ್ನೇ ತಿಂದು ಬೆಳೆದಿದ್ದಾನೆ, ಅದರಲ್ಲಿ ಒಳ್ಳೆಯ ಪ್ರೋಟೀನ್ ಇರುತ್ತದೆ ಎಂದು ವಿವರಿಸಿದೆ. ಅಮ್ಮ ಹಣೆ ಚಚ್ಚಿಕೊಂಡಳು.

"ಅಯ್ಯೋ ನಿನ್ನ ಓದಿಗಿಷ್ಟು! ರೇಷ್ಮೆ ಹುಳ ತಿಂದು ಬೆಳೆದ ನಾಯೀನ ಹುಳು ಮನೆ ಇರೋ ಮನೆಗೆ ತಂದಿದೀಯಲ್ಲೋ! ಕುರಿ ಕಾಯೋಕೆ ತೋಳನ್ನ ಬಿಟ್ಟಂಗಾಯ್ತು. ಇವತ್ತೇ ಹೇಳಿದೀನಿ ಕೇಳಿಸ್ಕೋ. ಒಂದು ಬೆಳೆ ಕೆಟ್ಟರೆ, ಇದು ಗೌರಿಬಿದನೂರಿಗೆ."

ಗೌರಿಬಿದನೂರಿನಲ್ಲಿ ನನ್ನ ಅಕ್ಕನ ಗಂಡ ಕೋಳಿ ಫಾರಂ ಇಟ್ಟಿದ್ದಾರೆ. ಭಾವನವರ ಫಾರಂನಲ್ಲಿ ನಾಯಿಗಳಿಗೆ ಸರಪಳಿಯೇ ಗತಿ, ಅದನ್ನು ನಾನು ಕಣ್ಣಾರೆ ನೋಡಿದ್ದೆ. ಮೇಘನಾಳೂ ನೋಡಿದ್ದಳು. ಅವಳು ಅಜ್ಜಿಯ ಕೈ ಹಿಡಿದುಕೊಂಡು, "ನಾನು ನೋಡ್ಕೋತೀನಿ ಅಜ್ಜಿ, ಒಳಗೆ ಬಿಡೋದೇ ಇಲ್ಲ" ಎಂದು ಮಾತು ಕೊಟ್ಟಳು.

ಹುಳು ಮನೆಯ ಮಡಿ ಎಂಥದ್ದೆಂದು ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ನಮ್ಮ ದೇವರ ಮನೆಗೂ ಅಷ್ಟಿಲ್ಲ. ರೇಷ್ಮೆ ಹುಳುವಿನಷ್ಟು ನಾಜೂಕಿನ ಪ್ರಾಣಿ ಇನ್ನೊಂದಿಲ್ಲ. ಬಿಸಿಲು ಹೆಚ್ಚಾದರೆ ಕಷ್ಟ, ಸೊಪ್ಪು ಒದ್ದೆಯಾದರೆ ಕಷ್ಟ, ಹೊರಗಿನ ರೋಗ ಕಾಲಲ್ಲಿ ಅಂಟಿಕೊಂಡು ಬಂದರೆ ಮುಗಿದೇಹೋಯಿತು. ಹಾಗಾಗಿ ಹೊಸ್ತಿಲ ಮುಂದೆ ಬ್ಲೀಚಿಂಗ್ ಪುಡಿ ಕದಡಿದ ನೀರಲ್ಲಿ ನೆನೆಸಿದ ಗೋಣಿಚೀಲ ಹಾಸಿರುತ್ತಾರೆ. ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ಆ ಗೋಣಿಯ ಮೇಲೆ ಎರಡೂ ಪಾದ ಊರಿ ನಿಂತು, ಆಮೇಲೆ ಒಳಗೆ ಹೋಗಬೇಕು. ಇದರಲ್ಲಿ ನನಗೊಂದು ಸಣ್ಣ ತೊಂದರೆ. ನನ್ನ ಹಿಮ್ಮಡಿ ಬಿರುಕು ಬಿಟ್ಟಿದೆ. ಆ ನೀರು ಸೋಕಿದರೆ ಮೆಣಸಿನಕಾಯಿ ಅರೆದು ಹಚ್ಚಿದಂತೆ ಉರಿಯುತ್ತದೆ. ಆದ್ದರಿಂದ ಯಾರೂ ನೋಡದಾಗ ನಾನು ಗೋಣಿಯನ್ನು ಹಾರಿ ಒಳಗೆ ಹೋಗುತ್ತಿದ್ದೆ. ಈ ವಯಸ್ಸಿನಲ್ಲೂ ಅಷ್ಟು ಹಾರುತ್ತೇನಲ್ಲ ಎಂದು ಒಳಗೊಳಗೇ ಹೆಮ್ಮೆಯೂ ಇತ್ತು.

ಹೊಸ ಹುಳು ತಂದೆವು. ನವಾಬ ಹುಳು ಮನೆಯ ಬಾಗಿಲಿನಿಂದ ನಾಲ್ಕು ಮಾರು ದೂರದ ಹೊಂಗೆ ಮರದ ಕೆಳಗೆ ಬೀಡುಬಿಟ್ಟ. ಒಳಗೆ ಹೋಗುವ ಯೋಚನೆಯನ್ನೇ ಅವನು ಮಾಡಿದಂತಿರಲಿಲ್ಲ. ಅಮ್ಮ ಸೊಪ್ಪು ಹೊತ್ತು ಬಂದರೆ ಒಂದು ಕಣ್ಣು ತೆರೆದು ನೋಡಿ ಮುಚ್ಚಿಕೊಳ್ಳುತ್ತಿದ್ದ. ಸುಜಾತ ಬಂದರೆ ಬಾಲ ಎರಡು ಸಲ ನೆಲಕ್ಕೆ ಬಡಿಯುತ್ತಿದ್ದ. ಮೇಘನಾ ಬಂದರೆ ಕೇಳಲೇಬೇಡಿ, ಇಬ್ಬರೂ ಸೇರಿ ಅಂಗಳವನ್ನೇ ಉಳುತ್ತಿದ್ದರು. ನನ್ನ ಜೊತೆಗೂ ಬೆಳಗಿನ ಹೊತ್ತು ಚೆನ್ನಾಗಿಯೇ ಇರುತ್ತಿದ್ದ. ಆದರೆ ಸಂಜೆ ಶಾಲೆಯಿಂದ ಬಂದು ಹುಳು ಮನೆಯ ಕಡೆ ಹೊರಟೆನೋ, ಆಸಾಮಿ ಎದ್ದು ನಿಲ್ಲುತ್ತಿದ್ದ. ಬಾಗಿಲು ಹೊಕ್ಕೆನೋ, ಊರೇ ತಿರುಗಿ ನೋಡುವಂತೆ ಬೊಗಳುತ್ತಿದ್ದ. ಆ ಹೊತ್ತಿಗೆ ಸುಜಾತ ಹಾಲು ಹಾಕಲು ಡೈರಿಗೆ ಹೋಗಿರುತ್ತಿದ್ದಳು. ಅಮ್ಮ ಒಳಗೆ ಆ ತುದಿಯಲ್ಲಿ ಕಸ ಬಳಿಯುತ್ತಾ, "ಮನೆ ಯಜಮಾನನ್ನೇ ಬೊಗಳ್ತದಲ್ಲೋ, ಎಂಥ ನಾಯಿ ತಂದ್ಯೋ" ಎಂದು ಗೊಣಗುತ್ತಿದ್ದಳು.

ನನಗೆ ತುಂಬಾ ಬೇಜಾರಾಯಿತು. ತಂದವನು ನಾನು, ಚುಚ್ಚುಮದ್ದು ಹಾಕಿಸಿದವನು ನಾನು, ಮಿಕ್ಕವರಿಗೆಲ್ಲ ಬಾಲ, ನನಗೆ ಮಾತ್ರ ಬೊಗಳು! ಬಿಸ್ಕತ್ತು ತಿನ್ನಿಸಿದೆ. ಬೇಯಿಸಿದ ಮೊಟ್ಟೆ ಕೊಟ್ಟೆ. ಜಂಗಮಕೋಟೆಯಿಂದ ಬೆಣ್ಣೆ ಬನ್ನು ತಂದೆ. ಎಲ್ಲವನ್ನೂ ತಿಂದು, ಕೈ ನೆಕ್ಕಿ, ಐದು ನಿಮಿಷದ ನಂತರ ಬಾಗಿಲಲ್ಲಿ ಯಥಾಪ್ರಕಾರ ಬೊಗಳುತ್ತಿದ್ದ. ಸೋತು ಅನ್ವರ್ ಭಾಯಿಗೆ ಫೋನು ಮಾಡಿದೆ. ಅವರು, "ಅರೆ, ನವಾಬ್ ಸುಮ್ಮಸುಮ್ಮನೆ ಬೊಗಳೋನಲ್ಲ ಸಾರ್. ನಮ್ಮಲ್ಲಿ ಗೋಡೆ ಹಾರಿದ ಕಳ್ಳನಿಗೆ ಒಂದೇ ಒಂದು ದಿನ ಬೊಗಳಿದ್ದು" ಎಂದರು. ನಾನು ಫೋನಿಟ್ಟು, ಈ ಸಾಬರಿಗೆ ನಾಯಿಯ ಮೇಲಿನ ಮೋಹ ಇನ್ನೂ ಹೋಗಿಲ್ಲ ಎಂದುಕೊಂಡೆ.

ಹುಳುಗಳು ನಾಲ್ಕನೆಯ ಜ್ವರ ಎದ್ದು, ಅಂದರೆ ಕೊನೆಯ ಸಲ ಪೊರೆ ಬಿಟ್ಟು, ಗಬಗಬನೆ ಸೊಪ್ಪು ಮೇಯತೊಡಗಿದ್ದವು. ಇನ್ನೊಂದು ವಾರಕ್ಕೆ ಗೂಡು ಕಟ್ಟಬೇಕು. ಅಷ್ಟರಲ್ಲಿ ಬಾಗಿಲ ಹತ್ತಿರದ ಬಿದಿರಿನ ತಟ್ಟುಗಳಲ್ಲಿ ಹರವಿದ್ದ ಹುಳುಗಳು ಊದಿಕೊಂಡು, ಮುಟ್ಟಿದರೆ ಹಾಲಿನಂಥ ನೀರು ಒಸರತೊಡಗಿತು. ಹಾಲುತೊಂಡೆ ರೋಗ. ಅರ್ಧದಷ್ಟು ಹುಳುವನ್ನು ಅಮ್ಮ ಮತ್ತು ಸುಜಾತ ಹೊತ್ತೊಯ್ದು, ಗುಂಡಿಯಲ್ಲಿ ಸುಣ್ಣ ಹಾಕಿ ಮುಚ್ಚಿದರು. ಕೈ ತೊಳೆದುಕೊಂಡು ಬಂದ ಅಮ್ಮ ಹೊಂಗೆ ಮರದ ಕಡೆ ನೋಡಿದಳು. "ಭಾವಂಗೆ ಫೋನ್ ಮಾಡು. ಭಾನುವಾರ ಟೆಂಪೋ ತರ್ಲಿ" ಎಂದಳು. ಮೇಘನಾ ಅವತ್ತು ಊಟ ಮಾಡಲಿಲ್ಲ. ನವಾಬನ ಪಕ್ಕ ಕೂತು ಅವನ ಜೋಲು ಕಿವಿಯನ್ನು ಸವರುತ್ತಾ ಅಳುತ್ತಿದ್ದಳು.

ಇನ್ನು ಮುಂದಿನದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಜಂಗಮಕೋಟೆಯಲ್ಲಿ ಮುನಿರಾಜು ಎಂಬ ನನ್ನ ಗೆಳೆಯನಿದ್ದಾನೆ. ಅವನ ಹುಳುವಿಗೆ ಹದಿನೈದು ದಿನದ ಹಿಂದೆಯೇ ಇದೇ ರೋಗ ಬಂದಿತ್ತು. ಸಲಹೆ ಕೊಡಲು ನಾನು ದಿನವೂ ಶಾಲೆ ಬಿಟ್ಟಮೇಲೆ ಅವನ ಹುಳು ಮನೆಗೆ ಹೋಗಿ, ತಟ್ಟುಗಳ ನಡುವೆಲ್ಲ ಓಡಾಡಿ, ರೋಗ ಹೇಗೆ ಹರಡುತ್ತದೆಂದು ಸವಿಸ್ತಾರವಾಗಿ ವಿವರಿಸಿ, ಅಲ್ಲಿಂದ ನೆಟ್ಟಗೆ ನಮ್ಮ ಹುಳು ಮನೆಗೆ ಬಂದು ಗೋಣಿ ಹಾರುತ್ತಿದ್ದೆ. ರೋಗವನ್ನು ಕಾಲಲ್ಲಿ ಹೊತ್ತು ತಂದವನು ನಾನೇ ಎಂದು ಗುಂಡಿ ಮುಚ್ಚುವಾಗಲೇ ನನಗೆ ಹೊಳೆದಿತ್ತು. ಆದರೂ ಬಾಯಿ ಬಿಡಲಿಲ್ಲ. ನಾಯಿ ಹೇಗೂ ಎದುರುತ್ತರ ಕೊಡುವುದಿಲ್ಲ, ಅದರ ತಲೆಗೇ ಹೋಗಲಿ ಎಂದು ಸುಮ್ಮನಿದ್ದೆ.

ಶನಿವಾರ ಅಮ್ಮ ತಾನೇ ಕಾವಲಿಗೆ ಕೂತಳು. ಉಳಿದರ್ಧ ಹುಳುವಿಗಾದರೂ ನಾಯಿ ಕಾಟ ತಪ್ಪಲಿ ಎಂದು ಬಾಗಿಲ ಒಳಗೆ ಮಣೆ ಹಾಕಿಕೊಂಡು, ಕೈಯಲ್ಲಿ ಕೋಲು ಹಿಡಿದು. ನನಗದು ಗೊತ್ತಿರಲಿಲ್ಲ. ಸಂಜೆ ಬಂದೆ, ನವಾಬ ಎದ್ದ, ನಾನು ಹಾರಿದೆ, ಅವನು ಬೊಗಳಿದ, ನಾನು ಸರಿಯಾಗಿ ಅಮ್ಮನ ಮುಂದೆ ಬಂದು ಬಿದ್ದೆ.

"ಏನೋ ಅದು?"

"ಏನಿಲ್ಲಮ್ಮ."

"ಹೊರಗೆ ಹೋಗು. ಇನ್ನೊಂದ್ಸಲ ಬಾ."

ಹೋಗಿ, ಗೋಣಿಯ ಮೇಲೆ ಕಾಲೂರಿ ಬಂದೆ. ನವಾಬ ಸುಮ್ಮನಿದ್ದ. "ಈಗ ಹಾರ್ಕೊಂಡು ಬಾ" ಎಂದಳು. ಹಾರಿದೆ, ಬೊಗಳಿದ. "ಈಗ ತುಳ್ಕೊಂಡು." ತುಳಿದೆ, ಮಲಗಿದ. ಅಷ್ಟರಲ್ಲಿ ಡೈರಿಯಿಂದ ಸುಜಾತ ಬಂದಳು, ಮೇಘನಾ ಓಡಿಬಂದಳು. ಅವರು ನೋಡಲೆಂದು ಅಮ್ಮ ಮತ್ತೆ ಎರಡು ಸಲ ಮಾಡಿಸಿದಳು. ನನ್ನ ಹಿಮ್ಮಡಿ ಧಗಧಗ ಉರಿಯುತ್ತಿತ್ತು. ಇಪ್ಪತ್ತೆರಡು ವರ್ಷದಲ್ಲಿ ಇಷ್ಟು ಕಟ್ಟುನಿಟ್ಟಾದ ಪ್ರಯೋಗವನ್ನು ನಾನು ಶಾಲೆಯಲ್ಲಿ ಒಂದು ಸಲವೂ ಮಾಡಿಸಿಲ್ಲ, ಅದನ್ನು ಒಪ್ಪಿಕೊಳ್ಳಬೇಕು.

"ಎಲ್ಲರೂ ತುಳಿಯೋ ಜಾಗ, ನೀನೊಬ್ಬನೇ ಹಾರ್ತೀಯ. ಅದಕ್ಕೇ ಬೊಗಳ್ತದೆ. ಸರಿ, ರೋಗ ಎಲ್ಲಿಂದ ಬಂತು?" ಎಂದು ಅಮ್ಮ ಯೋಚನೆಗೆ ಬಿದ್ದಳು. ಸುಮ್ಮನಿದ್ದರೆ ಇನ್ನೂ ತಪ್ಪಿಸಿಕೊಳ್ಳಬಹುದಿತ್ತು. ಆದರೆ ಮೇಘನಾ ಅತ್ತು ಕೆಂಪಾದ ಕಣ್ಣಿನಿಂದ ನನ್ನನ್ನೇ ನೋಡುತ್ತಿದ್ದಳು. ಅವಳ ಪಕ್ಕದಲ್ಲಿ ನವಾಬನೂ, ಒಂದು ಕಿವಿ ಎತ್ತಿಕೊಂಡು. ಅವನು ಇಷ್ಟು ದಿನ ನನ್ನನ್ನು ದ್ವೇಷಿಸಿರಲಿಲ್ಲ, ತಿಳಿದಷ್ಟು ಹೇಳುತ್ತಿದ್ದ, ಅಷ್ಟೇ. ನನಗೆ ತಡೆಯಲಾಗಲಿಲ್ಲ. ಮುನಿರಾಜುವಿನ ಹುಳು ಮನೆಯ ವಿಷಯವನ್ನೆಲ್ಲ ಹೇಳಿಬಿಟ್ಟೆ.

ಸುಜಾತ ಹಾಲಿನ ಕ್ಯಾನು ಕೆಳಗಿಟ್ಟು, "ಗೋಡೆ ಮೇಲೆ ಏನ್ ಬರೆಸಿದೀರಿ ನೀವು? ರೋಗಕ್ಕೆ ಮಣೆ ಹಾಕಿದಂತೆ, ಅಲ್ವಾ?" ಎಂದಳು. ಅಮ್ಮ ಕೋಲನ್ನು ಮೂಲೆಗಿಟ್ಟಳು. "ಪುರಾಣ ಹೇಳೋಕೆ, ಬದನೇಕಾಯಿ ತಿನ್ನೋಕೆ! ನಾಳೆ ಟೆಂಪೋ ಬರೋದು ಬರ್ಲಿ ಬಿಡು. ಗೌರಿಬಿದನೂರಿಗೆ ನೀನೇ ಹೋಗು." ಮೇಘನಾ ನಕ್ಕಳು. ಎರಡು ದಿನದ ಮೇಲೆ ಅವಳು ನಕ್ಕದ್ದು ನೋಡಿ ನನಗೆ ಎಷ್ಟು ಸಮಾಧಾನವಾಯಿತೆಂದರೆ, ಟೆಂಪೋ ಹತ್ತಲೂ ನಾನು ಸಿದ್ಧನಿದ್ದೆ.

ಉಳಿದರ್ಧ ಹುಳು ಗೂಡು ಕಟ್ಟಿತು. ಅದರ ಮುಂದಿನ ಬೆಳೆ ಇಡೀ ಚೆನ್ನಾಗಿ ಬಂತು. ಈಗ ನಮ್ಮ ಮನೆಯಲ್ಲಿ ಮೊದಲನೆಯ ಮುದ್ದೆ ನವಾಬನಿಗೆ. ಅಮ್ಮನೇ ಆರಿಸಿ, ಸಾರಲ್ಲಿ ಕಲಸಿ, "ತಿನ್ನು ನವಾಬಪ್ಪ" ಎಂದು ಹೊಂಗೆ ಮರದಡಿಗೆ ಒಯ್ಯುತ್ತಾಳೆ. ನನ್ನ ಮುದ್ದೆ ಆರಿಹೋದರೂ ಕೇಳುವವರಿಲ್ಲ. ಸಂಜೆ ನಾನು ಗೋಣಿಯ ಮೇಲೆ ಎರಡೂ ಕಾಲೂರಿ, ಹಲ್ಲು ಕಚ್ಚಿ, ಮನಸ್ಸಿನಲ್ಲಿ ಹತ್ತು ಎಣಿಸುತ್ತೇನೆ. ನವಾಬ ಬಂದು ಹಿಮ್ಮಡಿ ಮೂಸಿ ನೋಡಿ, ಆಕಳಿಸಿ, ಹೋಗು ಎಂಬಂತೆ ಬಾಲವಾಡಿಸುತ್ತಾನೆ.

ಹೋದ ವಾರ ಗೌರಿಬಿದನೂರಿನ ಭಾವನವರು ಬಂದಿದ್ದರು. ಬಿಳಿ ಪ್ಯಾಂಟು ಹಾಕಿಕೊಂಡು, ಬೆಳೆ ನೋಡ್ತೀನಿ ಎಂದು ಹುಳು ಮನೆಯ ಕಡೆ ನಡೆದವರು ಗೋಣಿಯ ಮುಂದೆ ಒಂದು ಕ್ಷಣ ನಿಂತು, ಪ್ಯಾಂಟು ಎತ್ತಿ ಹಿಡಿದು ಚಂಗನೆ ಹಾರಿದರು. ನವಾಬ ಮುದ್ದೆ ತಿಂದು ಗೊರಕೆ ಹೊಡೆಯುತ್ತಿದ್ದ. ನನಗೆ ಅದೇನಾಯಿತೋ ಕಾಣೆ, ಗಂಟಲಿನಿಂದ "ಹೌ! ಹೌ! ಹೌ!" ಎಂದು ಬಂದುಬಿಟ್ಟಿತು. ಭಾವನವರು ಹಾರಿದಷ್ಟೇ ಚುರುಕಾಗಿ ಹೊರಗೆ ಹಾರಿದರು. ನವಾಬ ಎಚ್ಚರಗೊಂಡು, ನೆಟ್ಟಗಿರುವ ಕಿವಿಯನ್ನು ನನ್ನ ಕಡೆ ತಿರುಗಿಸಿ ದಿಟ್ಟಿಸಿ ನೋಡಿದ. ಒಳಗಿನಿಂದ ಅಮ್ಮನ ದನಿ ಕೇಳಿಸಿತು: "ಶಭಾಷ್ ನವಾಬಪ್ಪ! ನೀನೊಬ್ಬ ಇರೋದಕ್ಕೆ ಈ ಮನೆ ನಡೀತಿದೆ ಕಣೋ." ನಾನು ತಿದ್ದಲು ಹೋಗಲಿಲ್ಲ. ನನ್ನ ತಪ್ಪನ್ನು ಎರಡು ದಿನ ತಲೆಯ ಮೇಲೆ ಹೊತ್ತವನು ಅವನು, ನಾನು ಬೊಗಳಿದ್ದಕ್ಕೆ ಬಂದ ಹೊಗಳಿಕೆಯೂ ಅವನಿಗೇ ಇರಲಿ.