ಕೊರಳಲ್ಲಿ ಕಾರ್ಡು

ತಂಗಿ ವರ್ಷಾ ಆ ಹಸಿರು ಪಟ್ಟಿಯ ಕಾರ್ಡನ್ನು ಅಕ್ಕನ ಕೊರಳಿಗೆ ಹಾಕದೇ ಇದ್ದಿದ್ದರೆ, ರತ್ನಮಾಲಾಳ ಶನಿವಾರ ಅಷ್ಟು ಉದ್ದವಾಗುತ್ತಿರಲಿಲ್ಲ.

ರತ್ನಮಾಲಾ ಬಸವಕಲ್ಯಾಣದ ಸೀರೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಳು. ನೋಡಲು ಗಟ್ಟಿಮುಟ್ಟು. ಆದರೆ ಹತ್ತು ನಿಮಿಷ ನಿಂತಲ್ಲೇ ನಿಂತರೆ ಕಣ್ಣು ಕತ್ತಲಾಗಿ, ಹ್ಯಾಂಗರಿನಿಂದ ಜಾರಿದ ರೇಷ್ಮೆ ಸೀರೆಯಂತೆ ನೆಲಕ್ಕಿಳಿಯುತ್ತಿದ್ದಳು. ಕೂತರೆ ಏನೂ ಇಲ್ಲ.

"ಡಾಕ್ಟರರ ಕಾಗದ ತಂದ್ರ ಸ್ಟೂಲ್ ಹಾಕಸ್ತೀನಿ. ಇಲ್ಲಂದ್ರ ಸೋಮವಾರದಿಂದ ಬರಬ್ಯಾಡವ್ವ" ಎಂದಿದ್ದರು ಮಾಲೀಕ ತುಳಜಾರಾಮ. ಅಂಥ ಕಾಗದ ಕೊಡುವ ಶಿಬಿರ ಹುಮನಾಬಾದಿನಲ್ಲಿ, ಅದೂ ಶನಿವಾರ ಮಧ್ಯಾಹ್ನ ಒಂದರ ತನಕ ಮಾತ್ರ.

ಕಾರ್ಡಿನ ಮೇಲೆ ವರ್ಷಾ ಮುತ್ತಿನಂಥ ಅಕ್ಷರದಲ್ಲಿ ಬರೆದಿದ್ದಳು: 'ನನ್ನ ತೊಂದರೆ ಕಣ್ಣಿಗೆ ಕಾಣುವುದಿಲ್ಲ. ಹೆಚ್ಚು ಹೊತ್ತು ನಿಂತರೆ ಬೀಳುತ್ತೇನೆ. ದಯವಿಟ್ಟು ಕೂಡಲು ಜಾಗ ಕೊಡಿ.'

"ನೀ ಬಾಯಿ ತೆಗ್ಯೋದೇ ಬ್ಯಾಡಕ್ಕ. ಓದಿ ತಾವೇ ಎದ್ದು ಕೊಡ್ತಾರ."

ಹುಮನಾಬಾದಿನ ಬಸ್ಸಿನಲ್ಲಿ ಜಾಗ ಕೊಟ್ಟರು, ನಿಜ. ಓದಲಿಲ್ಲ ಅಷ್ಟೆ. ಕೊರಳಲ್ಲಿ ಕಾರ್ಡು ತೂಗಿಸಿಕೊಂಡು ಬಂದವರು ಒಂದೋ ಮನೆಮನೆ ಗಣತಿಯವರು, ಇಲ್ಲವೇ ಟಿಕೆಟ್ ತಪಾಸಣೆಯವರು ಎಂಬುದು ಬಸ್ಸಿಗೆಲ್ಲ ಗೊತ್ತಿತ್ತು.

"ಬರ್ರಿ ಮೇಡಂ, ಕೂಡ್ರಿ" ಎಂದು ಮಂಠಾಳದ ಲಲಿತಾಬಾಯಿ ಪಕ್ಕಕ್ಕೆ ಸರಿದರು. "ನಾನೂ ಶಿಬಿರಕ್ಕೇ ಹೊಂಟೇನಿ. ನನ್ನ ಮೊಣಕಾಲಿಂದು ಜರಾ ಬರ್ಕೋರಿ."

"ನಾ ಮೇಡಂ ಅಲ್ರಿ ಬಾಯಿ. ನಂಗೇ ಆರಾಮಿಲ್ಲ. ಇಲ್ಲಿ ಓದ್ರಿ."

"ಚಸ್ಮಾ ಮನ್ಯಾಗ ಉಳೀತ್ರಿ. ಆರಾಮಿಲ್ಲಂತ! ಗುಂಡುಕಲ್ಲಿನಂಗ ಇದ್ದೀರಿ!"

ಹಿಂದಿನ ಸೀಟಿನಿಂದ, ಶಿಬಿರಕ್ಕೇ ಹೊರಟಿದ್ದ ಯುನೂಸ್ ಎಂಬ ಹುಡುಗ ಬಗ್ಗಿದ. "ಆಫೀಸಿನೋರು ಹಿಂಗೇ ಅಂತಾರ ಬಿಡ್ರಿ ಅಮ್ಮಾ. ಮೇಡಂ, ನನ್ನ ಎಡಗಿವಿ ಪೂರಾ ಬಂದ್ ಅದ. ಯಾರೂ ನಂಬಂಗಿಲ್ರಿ. ಬರ್ಕೋರಿ."

ಹೆಚ್ಚು ಹಟ ಮಾಡಿದರೆ ಸೀಟು ಹೋದೀತೆಂಬ ಅಂಜಿಕೆ. ರತ್ನಮಾಲಾ ಪೆನ್ನು ತೆಗೆದಳು.

ಶಿಬಿರದ ಮುಂದೆ ಸಕ್ಕರೆ ಕಾರ್ಖಾನೆಗೆ ಬಂದ ಕಬ್ಬಿನ ಟ್ರ್ಯಾಕ್ಟರುಗಳಂತೆ ಜನ ಸಾಲುಗಟ್ಟಿದ್ದರು. ಹೆಸರು ಬರೆಯಬೇಕಾದ ಗುಮಾಸ್ತ ಬಂದಿರಲಿಲ್ಲ. "ಸರೀರಿ, ಮೇಡಂ ಬಂದ್ರು!" ಎಂದು ಲಲಿತಾಬಾಯಿ ಕೂಗಿದ್ದೇ ತಡ, ಒಬ್ಬರು ಕುರ್ಚಿ ತಂದರು, ಇನ್ನೊಬ್ಬರು ಟೇಬಲ್ಲು. ಸಾಲು ಹಾವಿನಂತೆ ಹೊರಳಿ ಅವಳ ಮುಂದೆ ಬಂದು ನಿಂತಿತು. "ನಾ ಅಲ್ರಿ" ಎಂದು ಮೂರು ಸಲ ಅಂದಳು. ಮೂರು ಸಲವೂ ಚಹಾ ಬಂತು. ಸಾಲಿನಲ್ಲಿ ನಿಂತರೆ ಬೀಳಬೇಕು, ಕುರ್ಚಿಯಲ್ಲಿ ಕೂತರೆ ಬರೆಯಬೇಕು. ಬರೆದಳು. ತನ್ನ ಹೆಸರನ್ನು, ಸಂಕೋಚದಿಂದ, ಎಲ್ಲರಿಗಿಂತ ಕೆಳಗೆ ಬರೆದಳು.

ಅವಳ ಸರದಿ ಬಂದಾಗ ಒಂದಕ್ಕೆ ಕಾಲು ಗಂಟೆ ಇತ್ತು. ಡಾಕ್ಟರ್ ಶಂಕರಲಿಂಗ ಅವಳನ್ನು ಮೇಲಿಂದ ಕೆಳಗೆ ನೋಡಿದರು.

"ನೀವಾ? ಮುಂಜಾನಿಂದ ಕಿಟಕ್ಯಾಗ ನೋಡಾಕತ್ತೇನಿ, ನೂರು ಮಂದಿ ಹೆಸರು ಬರದೀರಿ. ನಿಮಗೇನಾಗ್ಯಾದ?"

"ಕೂತಿದ್ದೆರಿ ಸರ್, ಅದಕ್ಕ ಏನೂ ಆಗಲಿಲ್ಲ. ನಿಂತ್ರ ಬೀಳ್ತೀನ್ರಿ."

"ಹಂಗಾರ ಹತ್ತು ನಿಮಿಷ ನಿಂದರ್ರಿ. ಬಿದ್ರ ಈಗಲೇ ಸಹಿ ಮಾಡ್ತೀನಿ" ಎಂದು ಡಾಕ್ಟರು ನೆಲಕ್ಕೆ ಗಾದಿ ಹಾಸಿಸಿ, ಉಳಿದ ಕಾಗದಗಳ ಮೇಲೆ ಬಗ್ಗಿದರು.

ರತ್ನಮಾಲಾ ನಿಂತಳು. ಬೀಳಬೇಕೆಂದು ಇಷ್ಟು ಮನಸಾರೆ ಅವಳು ಎಂದೂ ಬಯಸಿರಲಿಲ್ಲ. ಏಳನೇ ನಿಮಿಷಕ್ಕೆ ಕಿವಿ ಗುಂಯ್‌ಗುಟ್ಟಿತು. ಒಂಬತ್ತಕ್ಕೆ ಡಾಕ್ಟರು ಇಬ್ಬರಾದರು. ಸೋಮವಾರ, ಅಂಗಡಿ, ಸ್ಟೂಲು ಎಲ್ಲ ಕಣ್ಣ ಮುಂದೆ ತೇಲಿ, ಮೊಣಕಾಲು ಸಡಿಲವಾಯಿತು.

ಕಾಗದ ಸಿಕ್ಕ ಖುಷಿಯಲ್ಲಿ ಮೇಡಂಗೆ ಹೇಳಿಹೋಗಲು ಬಾಗಿಲಲ್ಲಿ ಕಾದಿದ್ದ ಲಲಿತಾಬಾಯಿ ಇಣುಕಿದರು. "ಅಯ್ಯ, ಮೇಡಂ ನಿಂತೇ ಇದ್ದಾರಲ್ಲೋ!" ಎಂದು ಯುನೂಸನ ಬಲಗಿವಿಗೆ ಕೂಗಿದರು. ಯುನೂಸ್ ಕುರ್ಚಿ ಎತ್ತಿಕೊಂಡು ಓಡಿಬಂದು ಹಿಂದಿನಿಂದ ಸರಕ್ಕನೆ ಸರಿಸಿದ.

ರತ್ನಮಾಲಾ ಬಿದ್ದಳು. ಕುರ್ಚಿಯ ಮೇಲೆ, ಪಟ್ಟಕ್ಕೆ ಕೂತ ರಾಣಿಯಂತೆ.

ಡಾಕ್ಟರು ತಲೆ ಎತ್ತಿ ಗಡಿಯಾರ ನೋಡಿದರು. "ಒಂಬತ್ತು ನಿಮಿಷ ನಿಂತು, ಬೇಸರಾಗಿ ಕೂತಾರ" ಎಂದು ಹೇಳಿಕೊಳ್ಳುತ್ತಲೇ ಬರೆದರು. ಆಮೇಲೆ ಕನಿಕರದಿಂದ ಹೇಳಿದರು: "ಮುಂದಿನ ತಿಂಗಳು ಮತ್ತ ನೋಡೋಣಂತ, ಬರ್ರಿ. ಜರಾ ಜಲ್ದಿನೇ ಬರ್ರಿ. ಹೆಸರು ಬರಿಯೋರು ಬೇರೆ ಯಾರೂ ಇಲ್ಲ."